ಮುನಿ ಎಂದು ಹುಡುಕಿದರೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ.
ಬೇಯುವ ಹುಳುವಿನ ವಾಸನೆ
ನನ್ನ ಲ್ಯಾಪ್‌ಟಾಪಿನ ಚೀಲಕ್ಕೂ ಹತ್ತಿ ಎರಡು ವರ್ಷವಾಯಿತು.
ಖಲಂದರ್ ಸಾಹೇಬರ ಮೇಜಿನ ಕಂಪ್ಯೂಟರಿಗೆ
ಲೆಕ್ಕದ ತಂತ್ರಾಂಶ ಬರೆದುಕೊಟ್ಟವಳು ನಾನೇ.
ಲಾಟು, ತೂಕ, ದರ, ಬಾಕಿ. ಅಷ್ಟೇ ಇತ್ತು ಅದರಲ್ಲಿ.
ಈಗ ಅದಕ್ಕೆ ಮಾತೂ ಬರಬೇಕಂತೆ.
"ಲೆಕ್ಕದ ಪಕ್ಕದಲ್ಲೇ ಜನ ಕಾಣಬೇಕಮ್ಮ.
ಹೆಸರು ಒತ್ತಿದರೆ ಬರೆಯೋಕೆ ಜಾಗ.
ಇನ್ನೇನೂ ಕೇಳಲ್ಲ."

ಎಡಕ್ಕೊಂದು ಪಟ್ಟಿ ಎಳೆದು ಕೂರಿಸಿದೆ.
ಬಲಕ್ಕೆ ಬರೆಯುವ ಪೆಟ್ಟಿಗೆ, ಕೆಳಗೆ ಕಳಿಸು ಗುಂಡಿ.
ಹೆಸರುಗಳು ಬಂದದ್ದು ಅವರ ಹಳೇ ಡೈರಿಯಿಂದ:
ಜಂಗಮಕೋಟೆ ನೀಲಿ ಟೆಂಪೊ,
ದಿಬ್ಬೂರಹಳ್ಳಿ ಎರಡನೇ ಅಳಿಯ,
ಜುಲೇಖಾ ಬೀ ಹುರಿ ಮಿಷನ್ ಸಂಜೆ ಮಾತ್ರ.
ಮೊದಲ ಹೆಸರು, ಕೊನೆಯ ಹೆಸರು ಎಂದು
ನಾನು ಮಾಡಿಟ್ಟಿದ್ದ ಎರಡು ಕಾಲಂ
ನಾಚಿಕೊಂಡು ಒಂದಾದವು.

ಪ್ರತಿ ಹೆಸರಿನ ಮುಂದೆ ಒಂದು ಚುಕ್ಕಿ, ಹಸಿರು ಇಲ್ಲವೇ ಬೂದು.
"ಇದೇನಮ್ಮ?"
ಲೈನಲ್ಲಿದ್ದಾರೆ ಅಂತ, ಸಾಬ್.
"ಹಸಿರಿದ್ರೆ ನಾಳೆ ಗೂಡು ತರ್ತಾರಾ?"
ಅದು ಹೇಳಕ್ಕಾಗಲ್ಲ.
"ಮತ್ತೆ ಯಾತಕ್ಕೆ?"
ಉತ್ತರ ಹೊಳೆಯದೆ ಟೀ ಕುಡಿದೆ.

ಹುಡುಕುವ ಪೆಟ್ಟಿಗೆಯ ಪರೀಕ್ಷೆ ಆಮೇಲೆ.
ಮು ಹೊಡೆದೆ, ನಿ ಹೊಡೆದೆ.
ನಲವತ್ತೊಂದು ಜನ ಸಾಲಾಗಿ ಇಳಿದರು:
ಮುನಿನಂಜಪ್ಪ, ಮುನಿಯಪ್ಪ,
ಮತ್ತೊಬ್ಬ ಮುನಿಯಪ್ಪ (ಪಕ್ಕದಲ್ಲಿ "ಇವನು ಬೇರೆ"),
ಮುನಿರಾಜು, ಮುನಿಲಕ್ಷ್ಮಮ್ಮ, ಮುನಿಶಾಮಪ್ಪ.
ಈ ಸೀಮೆಯಲ್ಲಿ ಅರ್ಧ ಊರು ಮುನಿಯೇ.
ತಮಾಷೆಗೆ ಸು ಸೇರಿಸಿದೆ.
ಪಟ್ಟಿ ಒಮ್ಮೆಲೇ ಬರಿದಾಯಿತು.
ಮುನಿಸು ಎಂಬ ಹೆಸರಿನವರು ಯಾರೂ ಇರಲಿಲ್ಲ.

ನಾನು ನಕ್ಕೆ. ಸಾಹೇಬರು ನಗಲಿಲ್ಲ.
ಸು ಅಳಿಸಿಸಿ, ಮೊದಲ ಹೆಸರಿಗೇ ಬೆರಳಿಟ್ಟರು.
"ಮೇಲೂರವನು. ಹದಿನೆಂಟು ವರ್ಷ
ಇವನ ಒಂದು ಬೆಳೆ ಬೇರೆಯವರಿಗೆ ಬಿಟ್ಟಿರಲಿಲ್ಲ ನಾನು.
ಮುನ್ನೂರು ಗ್ರಾಂ, ಅಮ್ಮಾ.
ಅವನ ಮನೆ ತೂಕ ಒಂದು, ಇಲ್ಲಿ ತೂಗಿದ್ದು ಒಂದು.
ಕಳ್ಳ ಅಂತ ನಾನು ಅನ್ನಲಿಲ್ಲ.
ಅಂದಂಗೆ ಅವನಿಗೆ ಕೇಳಿಸಿತು.
ಇವನಿಗೆ ಯಾವ ಚುಕ್ಕಿ ಹಾಕ್ತೀಯ?"

ಅಳಿಸಬಹುದು ಸಾಬ್.
"ಬೇಡ."
ತಡೆಹಿಡಿಯಬಹುದು, ಅವರು ಬರೆದರೂ ನಿಮಗೆ ಬರಲ್ಲ.
"ಅಯ್ಯೋ, ಬರಲಿ ಬರಲಿ."
ಹಾಗಾದರೆ ಎಲ್ಲರಿಗಿಂತ ಮೇಲೆ ಪಿನ್ ಮಾಡಲಾ?
"ಛೇ! ಇದ್ದಲ್ಲೇ ಇರಲಿ."

ಶಾಲೆಯಲ್ಲಿ ನಾವು ಕಿರುಬೆರಳು ತೋರಿಸಿ ಟೂ ಬಿಡುತ್ತಿದ್ದೆವು.
ಮಧ್ಯಾಹ್ನ ಡಬ್ಬಿ ಬಿಚ್ಚುವಷ್ಟರಲ್ಲಿ ರಾಜಿ.
ದೊಡ್ಡವರ ಟೂ ಬಿಡಿಸುವ ಕಂಟ್ರೋಲು
ನನ್ನ ಟೂಲ್‌ಬಾಕ್ಸಿನಲ್ಲಿಲ್ಲ. ಇಡೀ ರಾತ್ರಿ ಹುಡುಕಿದ್ದೇನೆ,
ಅಂದರೆ, ನಿದ್ದೆ ಬರದೆ.

ಹತ್ತು ದಿನಕ್ಕೆ ಫೋನು. ಬರೆದದ್ದು ಹೋಗುತ್ತಿಲ್ಲವಂತೆ.
ಹೋದಾಗ ಒಳಗೆ ಬಿಸಿನೀರ ಬೋಗುಣಿಗಳ ಮುಂದೆ ಹೆಂಗಸರು
ಗೂಡುಗಳನ್ನು ಕುಂಚದಿಂದ ತಟ್ಟಿ ತಟ್ಟಿ
ಎಳೆಯ ತುದಿ ಹುಡುಕುತ್ತಿದ್ದರು.
ಕೋಷ್ಟಕ ತೆರೆದೆ. ಎಲ್ಲರಿಗೂ ಎಲ್ಲವೂ ಹೋಗಿತ್ತು:
ದರ, ದಿನ, ಟೆಂಪೊ ಬೇಗ ಕಳಿಸು, ಹುಳು ಹಣ್ಣಾದವಾ.
ಕರಡಿನಲ್ಲಿ ಒಂದೇ ಸಾಲು ಉಳಿದಿತ್ತು,
ಇಪ್ಪತ್ತಾರು ಸಲ ತಿದ್ದಿದ್ದು.
ಓದಬಾರದಿತ್ತು. ದೋಷ ಹುಡುಕುವವಳು
ಕಣ್ಣು ಮುಚ್ಚಿಕೊಂಡು ಹೇಗೆ ಹುಡುಕಲಿ?
"ನಂಜಪ್ಪಾ, ನಮ್ಮ ತಕ್ಕಡಿ"
ಅಲ್ಲಿಗೆ ನಿಂತಿತ್ತು.

ಸಾಹೇಬರು ತೆರೆಯ ಕಡೆ ನೋಡದೆ,
ಕನ್ನಡಕ ಒರೆಸುತ್ತಾ ಹೇಳಿದರು:
"ಆ ಕಳಿಸು ಗುಂಡಿ ತುಂಬಾ ಚಿಕ್ಕದಾಯ್ತಮ್ಮ.
ಮೌಸು ಜಾರ್ತದೆ."

ಹೌದು ಸಾಬ್, ಚಿಕ್ಕದೇ, ಎಂದೆ.
ಇಪ್ಪತ್ತೆಂಟು ಪಿಕ್ಸೆಲ್ ಇದ್ದದ್ದನ್ನು ನಲವತ್ತು ಮಾಡಿದೆ.
ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.